ಅಳತೆ ಪುಸ್ತಕದ ಕೊನೇ ಪುಟ

ಎದೆ ಒಂಬತ್ತೂವರೆ, ಸೊಂಟ ಏಳೂವರೆ.
ಹೆಸರಿನ ಜಾಗದಲ್ಲಿ ಬರೆದೆ: ಶರ್ವಾಣಿಯ ಗೊಂಬೆ.

ಕಬ್ಬನ್‌ಪೇಟೆ ಜೆರಾಕ್ಸಿನವನು
ನನ್ನ ಹಳೇ ಕುರ್ತಾ ಪ್ಯಾಟರ್ನನ್ನು
ನೂರಕ್ಕೆ ಇಪ್ಪತ್ತೇಳರ ಅಳತೆಗೆ ಇಳಿಸಿಕೊಟ್ಟ.
ಕಾಗದ ಸುಮ್ಮನೆ ಕುಗ್ಗಿತು.
ದಾರ ಕುಗ್ಗಲಿಲ್ಲ.
ಹೊಲಿಗೆಗೆಂದು ಅರ್ಧ ಇಂಚು ಬಿಟ್ಟರೆ
ತೋಳೊಳಗೆ ತೋಳಿಗೇ ಜಾಗವಿಲ್ಲ.
ಚಿಕ್ಕಪೇಟೆಯಿಂದ ತಂದ ತುಂಡಿನಲ್ಲಿ
ಒಂದೇ ಒಂದು ಮಾವಿನಕಾಯಿ ಬುಟ್ಟಾ
ಇಡೀ ಎದೆ ನುಂಗಿ ಕೂತಿದೆ.

ಮೊಣಕೈಗೆ ಗೋಲಿ, ಮೊಣಕಾಲಿಗೆ ಗೋಲಿ,
ಒಳಗೆಲ್ಲ ಬಿಗಿದ ಎಲಾಸ್ಟಿಕ್ಕು.
ಕೈ ಮಡಿಸಿದರೆ ಗಂಟು ಉಬ್ಬುತ್ತದೆ.
ಮಡಿಸಿಯೇ ಅಳೀಬೇಕು ಅಂತ
ಮೂರನೇ ತೋಳು ಹಾಳಾದ ಮೇಲೆ ತಿಳಿಯಿತು.

ಕೊರಳು ತೀರಾ ಸಣ್ಣದಾಗಿತ್ತು.
ಬಿಚ್ಚೋಣವೆಂದು ಕತ್ತರಿ ಎತ್ತಿದೆ.
"ತಡೀರಿ" ಅಂದಳು ಶರ್ವಾಣಿ.
ಕೂದಲಿನ ಟೋಪಿ ತೆಗೆದು, ನೆತ್ತಿಯ ಮುಚ್ಚಳ ತೆಗೆದು,
ಒಳಗಿನ ಕೊಕ್ಕೆ ಬಿಡಿಸಿ
ತಲೆಯನ್ನೇ ಬಾಬಿನ್ನುಗಳ ಪಕ್ಕ ಇಟ್ಟಳು.
ಕುರ್ತಾ ಇಳಿಯಿತು, ಸಲೀಸಾಗಿ.

ಸೀರೆಗೆ ಫಾಲ್ಸ್ ಹಾಕಿಸಲು ಬಂದಿದ್ದ ತಬಸ್ಸುಮ್ ಆಂಟಿ
ಕತ್ತು ಒತ್ತಿಕೊಳ್ಳುತ್ತ ನೋಡುತ್ತಿದ್ದರು.
"ನಮ್ದೂ ಹಿಂಗೆ ತೆಗೆದಿಡೋಕಾಗುತ್ತೇನಮ್ಮ,
ಮಧ್ಯಾಹ್ನ ಒಂದರ್ಧ ಗಂಟೆ?"