ಅರಿವಿ

ಗದಗ ಸ್ಟೇಷನ್ ರೋಡಿನ ಹಿಂದ, ನಮ್ಮ ಪ್ರೆಸ್ಸಿನ್ಯಾಗ
ಕ್ಯಾಲೆಂಡರ್ ಸೀಜನ್ ಅಂದ್ರ
ದೀಪಾವಳಿಯಿಂದ ಸಂಕ್ರಾಂತಿ ತನಕ
ಉಗುರಿನ ಸಂದ್ಯಾಗ ಒಂದಽ ಬಣ್ಣ:
ಭಾನುವಾರದ ಕೆಂಪು.

ದಾವಲಸಾಬ್ ಉಸ್ತಾದರು ಅದನ್ನ ಕಲಸುವಾಗ
ಗೋಡಿಗೆ ಮಾರಿ ಮಾಡಿ ನಿಲ್ತಿದ್ರು.
ನನಗ ಬೆನ್ನಷ್ಟಽ. ತಿರುಗೋ ಮೊಳಕೈ,
ಕಲ್ಲಿನ ಮ್ಯಾಲೆ ಚೂರಿ ಸವರೋ ಸಪ್ಪಳ.
'ಗುಟ್ಟು ಬಿಟ್ಟವನ ಕೈಗೆ ಚಿಪ್ಪಽ ಗತಿ, ತಮ್ಮಾ.'
ಅವರು ನಮಾಜಿಗೆ ಹೋದಾಗ
ಕೈ ಒರಸಿ ಒಗೆದ ಅರಿವಿ ಬಿಚ್ಚಿ ಓದತಿದ್ದೆ:
ಹಳದಿ ಇಷ್ಟು, ಕರೇದು ಸಾಸಿವಿಯಷ್ಟು,
ಒಂದು ಹನಿ ಅಗಸಿಎಣ್ಣಿ.
ಎರಡು ವರ್ಷ ಹಿಡೀತು
ಒಂದು ಅರಿವಿ ಓದಾಕ.

ಈಗ ಸಾಹುಕಾರರ ಮಗ ನೋಟೀಸ್ ಹಚ್ಚ್ಯಾನ:
'ಗೊತ್ತಿದ್ದದ್ದನ್ನು ಬರೆದು ಹಾಕಿ, ಒಂದಕ್ಕೆ ಐದುನೂರು.'
ಡಬ್ಬಿ ಇಟ್ಟಾನ. ಡಬ್ಬಿಗೆ ಕೀಲಿ.
ತಿಂಗಳ ಮ್ಯಾಲೆ ತಗದ್ರ ಎರಡು ಚೀಟಿ:
ಒಂದರಾಗ 'ಪಂಖಾ ರಿಪೇರಿ ಮಾಡಸ್ರಿ',
ಇನ್ನೊಂದು ಬರೇ ಹಾಳಿ. ಅದು ನಂದು.
ಬರಿಯಾಕಂತಽ ಕುಂತಿದ್ದೆ.
ಮೋಡ ಕವಿದ ದಿನ ಕೆಂಪು ಮಲಗತೈತಿ,
ಬೆರಳಿಗೆ ಅಂಟಿದ್ದು ಬೆರಳಿಗಽ ಗೊತ್ತು,
ಹೆಂಗ ಬರೀಲಿ?
ಬರದ್ರ ಮುಂದ ನಾ ಯಾಕ ಬೇಕು?

ಬೆಟಗೇರಿಯಿಂದ ಬರೋ ಕಸ್ತೂರಿ ಏನೂ ಕೇಳಾಕಿ ಅಲ್ಲ.
ಬರ್ತಾಳ, ರೋಲರ್ ತೊಳೀತಾಳ, ಹಾಳಿ ಎಣಸ್ತಾಳ.
ನಿನ್ನೆ ರಾತ್ರಿ ಹನ್ನೊಂದಕ್ಕ, ಆಗಸ್ಟ್ ಹಾಳಿ ಓಡುವಾಗ
ಮಶೀನ್ ಸಪ್ಪಳದ ಮರಿಗೆ ನಿಂತು ಅಂದ್ಲು:
'ಕಾಕಾ, ಸಿಟ್ಟಾಗಬ್ಯಾಡ್ರಿ.
ದಸರಾದಿಂದ ನಿಮ್ಮ ಕೆಂಪು ಒಂದು ಕೂದಲೆಳಿ ಕಪ್ಪಾಗಾಕತ್ತೈತಿ.
ನೀವು ಚಾಕ್ಕ ಹೋದಾಗ ನಾನಽ ಒಂದೀಟು ಹಳದಿ ಹಾಕ್ತಿದ್ದೆ.
ಒಮ್ಮೆ ಕಣ್ಣು ತೋರಿಸ್ಕೊಂಡ ಬರ್ರಿ.'

'ಹಳದಿ ಲೆಕ್ಕ ಯಾರು ಹೇಳಿಕೊಟ್ರು ನಿನಗ?'

ಮಳಿಗೆ ತೂಗಹಾಕಿದ್ದ ನನ್ನ ಅರಿವಿ ಕಡೆ ನೋಡಿದ್ಲು.

ಸಿಟ್ಟು ಬಂತು, ಸುಳ್ಳಾಕ ಹೇಳಲಿ.
ಆಮ್ಯಾಲೆ ಉಸ್ತಾದರ ಬೆನ್ನು ನೆನಪಾತು,
ಅವರಿಗೂ ಗೊತ್ತಿತ್ತೇನೋ
ನಮಾಜಿಗೆ ಹೋಗುವಾಗೆಲ್ಲ
ಅರಿವಿ ಯಾಕ ಬಿಟ್ಟು ಹೋಗತಿದ್ರು?

'ಡಬ್ಬ್ಯಾಗ ಹಾಕಿದ್ರ ಐದುನೂರು ಬರ್ತಿತ್ತಲ್ಲ ಹುಡುಗಿ.'
'ನಿಮ್ಮ ಕಣ್ಣಿನ ಸುದ್ದಿನ್ರಿ?' ಅಂದ್ಲು. ಅಷ್ಟಽ.

ಇವತ್ತು ಮುಂಜಾನೆ ಕಲ್ಲು ಗೋಡಿಯಿಂದ ಎಳದು
ನಡುಮನಿಗೆ ತಂದೆ. ಭಾರ ಇತ್ತು,
ಆ ಕಡೆ ಅಕಿ ಹಿಡದ್ಲು.
'ನೋಡು, ಚೂರಿ ಹಿಂಗ ಹಿಡೀಬೇಕು.'
'ನಾ ಎಡಗೈಯಾಕಿ, ಕಾಕಾ.'

ಮೂವತ್ತೊಂದು ವರ್ಷದಾಗ
ಎಡಕ್ಕ ತಿರುಗೋ ಕೆಂಪು ನಾ ನೋಡಿರಲಿಲ್ಲ.
ಕನ್ನಡಕ ಇನ್ನೂ ಬಂದಿಲ್ಲ,
ಸನೇಕ ಹೋಗಿ ನಿಂತೆ.