ಹಡಗಿನ ಹೆಸರು

ನಮೂನೆಯ ನಾಕನೇ ಕಲಮು ಕೇಳಿತು:
ಹಡಗಿನ ಹೆಸರು?
ಶಹಾಪುರದ ಕಾಲುವೆ ಮುಗಿಯುವಲ್ಲಿ ಸವಳು ನೆಲ,
ಸಿಗಡಿ ಹೊಂಡ ಎರಡು, ಹರಿಗೋಲು ಒಂದು.
'ಖಾಲಿ ಬಿಡಬ್ಯಾಡ್ರಿ' ಅಂದ ಏಜೆಂಟ.
ಮಾನಪ್ಪ ಕಾಕಾ ಹೇಳಿದ, ನಾನು ಬರೆದೆ:
ಹರಿಗೋಲು. ತೂತಿತ್ತು, ಡಾಂಬರು ಹಚ್ಚೇವಿ.

ನೀರು ಶೀಶೆಯಲ್ಲಿ ಹೋಯಿತು, ಮೇವು ಪುಡಿಕೆಯಲ್ಲಿ,
ಹನ್ನೆರಡು ಸಿಗಡಿ ಬರ್ಫಿನಲ್ಲಿ.
ಔಷಧಿ ಹಾಕಿಲ್ಲವೆಂದು ಒಂದು ಹೆಬ್ಬೆಟ್ಟು,
ಹಾಕಿಲ್ಲವೆಂದದ್ದು ಖರೆ ಎಂದು ಇನ್ನೊಂದು.
ಆವತ್ತು ಕಾಕಾನ ರೊಟ್ಟಿಗೂ ಮಸಿ ಹತ್ತಿತು.

ತಿಂಗಳಾದ ಮೇಲೆ
ಬಂದರಿಗೆ ಹೋದ ಪೆಟ್ಟಿಗೆ ತಿರುಗಿ ಬಂತು.
ರೋಗವಿಲ್ಲ, ವಿಷವಿಲ್ಲ, ತೂಕ ಸರಿ.
ಒಂದು ಹಾಳೆಯಲ್ಲಿ ಯಾದಗಿರಿ,
ಇನ್ನೊಂದರಲ್ಲಿ ಯಾದಗೀರ.
ಎರಡನ್ನೂ ಬರೆದದ್ದು ನನ್ನ ಕೈಯೇ.
'ಹುಟ್ಟಿದಾಗಿಂದ ಎರಡೂ ಅಂತೇವಲ್ಲ' ಅಂದ ಕಾಕಾ,
ಫೋನು ಅದಾಗಲೇ ಕಟ್ಟಾಗಿತ್ತು.

ರಾತ್ರಿ ಹುಸೇನವ್ವ ಕಾಕಿ
ಸರ್ಕಾರದ ಸೀಲು ಕುಡಗೋಲಿನಿಂದ ಹರಿದಳು,
ಹಸಿಖಾರ ಅರೆದಳು.
ಮೂರು ವರ್ಷ ಸಾಕಿದ್ದನ್ನು
ಮೊದಲ ಸಲ ತಿಂದೆವು.
ನನಗೆ ಅನ್ನುವುದು ಬ್ಯಾಡ, ರುಚಿಯಿತ್ತು.

ಸಣ್ಣವಳು ಬೆರಳು ನೆಕ್ಕಿ ಕೇಳಿದಳು:
'ಇದು ಯಾವ ಊರಿಂದು?'
ಕಾಕಾ ಬಾಯಿ ತೆರೆದ,
ನನ್ನ ಕಡೆ ನೋಡಿದ,
ಇನ್ನೊಂದು ರೊಟ್ಟಿ ಮುರಿದ.