ಹನ್ನೊಂದು ಪ್ರತಿ

ದಸರೆಯ ರಜೆ. ಧಾರವಾಡದ ಧೂಳು ಕೊಡವಿಕೊಂಡು
ನಾವು ನಾಲ್ವರು ಕುಮಟೆಯಲ್ಲಿ ಇಳಿದು
ಅಲ್ಲಿಂದ ಟೆಂಪೋದಲ್ಲಿ, ಮೀನಿನ ಖಾಲಿ ಬುಟ್ಟಿಗಳ ಜೊತೆ,
ದೇವಯಾನಿಯ ಊರು ಮುಟ್ಟಿದಾಗ
ಅಘನಾಶಿನಿ ಹಿಂದೆ ಸರಿದು ಹೊಟ್ಟೆ ತೋರಿಸುತ್ತ ಮಲಗಿತ್ತು.

ಮೂರು ದಿನ ಯಾರೂ ಅದರ ಮಾತು ಎತ್ತಬಾರದು
ಅಂತ ಬಸ್ಸಿನಲ್ಲೇ ಕರಾರಾಗಿತ್ತು.
ಅದು ಅಂದರೆ ಶುಲ್ಕ, ಡೀಸಿ ಕಚೇರಿ, ಬ್ಯಾನರು, ವ್ಯಾನು.
ಅರಬೈಲಿನ ತಿರುವಿನಲ್ಲಿ ಇನಾಸ ವಾಂತಿ ಮಾಡಿದ;
ಕರಾರು ಮುರಿದದ್ದೂ ಅವನೇ, ಮೊದಲ ಸಂಜೆಯೇ.

ಇಳತದ ಹೊತ್ತು. ಹೆಂಗಸರು ಕುಕ್ಕರುಗಾಲಲ್ಲಿ ಕೂತು
ಬಳಚು ಆರಿಸುತ್ತಿದ್ದರು. ನಾವೂ ಇಳಿದೆವು.
ಕೆಸರು ಎಳೆದುಕೊಂಡಿತು ನಮ್ಮ ಚಪ್ಪಲಿ.
ಮುನೀರಾ ನಕ್ಕಳು: 'ಪೊಲೀಸರಿಗಿಂತ ಇದೇ ವಾಸಿ,
ಎರಡನ್ನೂ ಇಟ್ಟುಕೊಳ್ಳುತ್ತೆ.'
ವ್ಯಾನಿಗೆ ಹತ್ತಿಸಿದ ದಿನ ಅವಳು ಹಾಸ್ಟೆಲಿಗೆ ಬಂದದ್ದು
ರಾತ್ರಿ ಹನ್ನೊಂದಕ್ಕೆ, ಒಂದೇ ಕಾಲಲ್ಲಿ ಚಪ್ಪಲಿ.

ನಾನು ನಗಲಿಲ್ಲ.
ಆ ದಿನ ಫಲಕಗಳನ್ನೆಲ್ಲ ಬರೆದವಳು ನಾನು;
'ಹಕ್ಕು' ಎಂಬುದರ ಒತ್ತು ಚಂದ ಬರಲಿ ಅಂತ
ಎರಡು ರಟ್ಟು ಹರಿದು ಹಾಕಿದವಳು.
ಲಾಠಿ ಮೇಲೆದ್ದಾಗ ಎದುರಿನ ಝೆರಾಕ್ಸ್ ಅಂಗಡಿಗೆ ನುಗ್ಗಿ
'ಏನ್ ಬೇಕ್ರಿ?' ಅಂದವನಿಗೆ
ನನ್ನದೇ ಆಧಾರ್ ಕಾರ್ಡು ಚಾಚಿದೆ.
ಎಷ್ಟು? ಹನ್ನೊಂದು.
ಗಾಜಿನ ಮೇಲೆ ಬೋರಲು ಬಿದ್ದ ನನ್ನ ಮುಖದಡಿ
ಹಸಿರು ಬೆಳಕು ಹೋಗಿ ಬರುತ್ತಿತ್ತು, ಹೋಗಿ ಬರುತ್ತಿತ್ತು,
ಹೊರಗೆ ಅವಳ ದನಿ ಕೂಗುತ್ತಿತ್ತು
ನಾನು ಬರೆದ ಸಾಲು.

ಮಾದೇವಿ ಅತ್ತೆ ಚಿಪ್ಪು ಬಿಡಿಸುತ್ತ ಕೇಳಿದಳು:
'ಎಂತಕ್ಕೆ ಕೂಗುದು ನೀವೆಲ್ಲ? ಕೇಳ್ತದ್ಯಾ ಅವರಿಗೆ?'
ಇನಾಸ ಸಂವಿಧಾನ ಹೇಳಿದ, ಇತಿಹಾಸ ಹೇಳಿದ,
ಇದೇ ಕರಾವಳಿಯ ಉಪ್ಪಿನ ಮಾತು ಹೇಳಿದ.
'ಉಪ್ಪು ತಿಂದವ ನೀರು ಕುಡೀಲೇಬೇಕು, ಅಷ್ಟು ಗೊತ್ತು.
ತಿಂದದ್ದು ಯಾರು, ಕುಡಿಯುದು ಯಾರು
ಅದನ್ನ ಹೇಳು ಮಾರಾಯ.'
ಇನಾಸ ಬಳಚಿನ ಹಾಗೆ ಬಾಯಿ ಮುಚ್ಚಿದ.

ಎರಡನೆಯ ರಾತ್ರಿ ಸೀಗೆ ಹುಣ್ಣಿಮೆ. ಉಬ್ಬರ ಒಂದು ಮೊಳ ಹೆಚ್ಚು.
ಜಂತ್ರಡಿಯ ಹಲಗೆ ಜಾರಿತೆಂದು ಯಾರೋ ಕೂಗಿದರು.
ಘೋಷಣೆಯಲ್ಲ, ಬರೀ ಕೂಗು.
ಗಜನಿಯಲ್ಲಿ ಕಗ್ಗ ತೆನೆ ಬಾಗಿಸಿ ನಿಂತಿತ್ತು;
ಉಪ್ಪುನೀರು ಕುಡಿದೇ ಬೆಳೆವ ಭತ್ತ, ಆದರೂ
ಅದಕ್ಕೂ ಒಂದು ಮಿತಿ ಇದೆಯಂತೆ.

ಸಾಲಾಗಿ ನಿಂತೆವು. ಕೈಯಿಂದ ಕೈಗೆ ಕೆಸರಿನ ಹೆಂಟೆ.
ನನ್ನ ಎಡಕ್ಕೆ ಮಾದೇವಿ ಅತ್ತೆ, ಬಲಕ್ಕೆ
ಗಡಿಯ ಜಗಳದಲ್ಲಿ ಆರು ವರ್ಷದಿಂದ
ಅವಳ ಮುಖ ನೋಡದ ಬೊಮ್ಮಯ್ಯ ಅಂಬಿಗ.
ಅವಳಿಂದ ಅವನಿಗೆ ನನ್ನ ಮೂಲಕ ದಾಟಿದವು
ಮುನ್ನೂರೋ ನಾನೂರೋ ಹೆಂಟೆ,
ಒಂದು ಮಾತೂ ಇಲ್ಲದೆ. ಬೈಗುಳ ಇತ್ತು, ನೀರಿಗೆ.
ಓಡಿಹೋಗಿ ಹೊಕ್ಕಲು
ಹತ್ತಿರದಲ್ಲಿ ಒಂದು ಝೆರಾಕ್ಸ್ ಅಂಗಡಿಯೂ ಇರಲಿಲ್ಲ.

ಬೆಳಗಾಗುವಾಗ ಒಡ್ಡು ನಿಂತಿತ್ತು. ಅಂದರೆ, ಒಂದು ಮೂಲೆಯಲ್ಲಿ
ಇನ್ನೂ ಜಿನುಗುತ್ತಿತ್ತು.
'ಗೆದ್ದೆವಾ?' ಅಂದೆ.
ಮಾದೇವಿ ಅತ್ತೆ ನನ್ನನ್ನು ನೋಡಿದಳು,
ಗಿರವಿ ಅಂಗಡಿಯವ ಹಿತ್ತಾಳೆ ನೋಡುವ ಹಾಗೆ.
'ಅಮಾಸೆಗೆ ಮತ್ತೆ ಬತ್ತದೆ.'

ಒಲೆ ಹೊತ್ತಿಸಲು ಕಾಗದ ಬೇಕಿತ್ತು. ಚೀಲದ ತಳದಿಂದ
ನನ್ನ ಹತ್ತು ಮುಖ ತೆಗೆದು ಕೊಟ್ಟೆ.
ಒದ್ದೆ ಕಟ್ಟಿಗೆ. ಒಂದೊಂದೇ ಸುರುಳಿ ಸುತ್ತಿ ಊದಿದೆವು.
ಇಷ್ಟೊಂದು ಯಾಕೆ ಅಂತ ಮುನೀರಾ ಕೇಳಲಿಲ್ಲ.
ನಾನೇ ಹೇಳಿದೆ, ಅಂಗಡಿ, ಹಸಿರು ಬೆಳಕು, ಎಲ್ಲ.
ಅವಳು ಚಹಾ ಊದಿಕೊಳ್ಳುತ್ತ
'ಪ್ರತಿಗೆ ಎಷ್ಟು ತಗೊಂಡ?' ಅಂದಳು.
'ಎರಡು ರೂಪಾಯಿ.'
'ಮೋಸ. ಕಾಲೇಜಿನೆದುರು ಒಂದೇ.'

ಹನ್ನೊಂದನೆಯದು ಉಳಿದಿದೆ.
ಸೋಮವಾರ ವಿಚಾರಣೆ. ಪ್ರತ್ಯಕ್ಷ ಕಂಡವರು ಹೇಳಿಕೆಯೊಂದಿಗೆ
ಗುರುತಿನ ಚೀಟಿಯ ಒಂದು ಪ್ರತಿ ಲಗತ್ತಿಸತಕ್ಕದ್ದು.
ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೇನೆ,
ಉಗುರಲ್ಲಿ ಇನ್ನೂ ಕೆಸರು.
ಕಾಗದ ಮಡಚಿದಲ್ಲಿ ಮುಖ ಸೀಳಿದೆ,
ಒಂದು ಕಣ್ಣು ಆ ಕಡೆ, ಒಂದು ಈ ಕಡೆ.
ಘಟ್ಟ ಶುರುವಾಯಿತು.
ಇನಾಸನಿಗೆ ಲಿಂಬೆಹಣ್ಣು ಕೊಡಬೇಕು.